ತಪ್ಪನ್ನು ಅಳಿಸಬೇಡಿ, ಒಂದು ಗೆರೆ ಎಳೆಯಿರಿ

ಈ ಸಲ ಟೀಕೆ, ತಪ್ಪು, ತಿದ್ದುಪಡಿಗಳ ಬಗ್ಗೆಯೇ ಹೆಚ್ಚು ಪತ್ರಗಳು ಬಂದಿವೆ. ಅವನ್ನೇ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಉದ್ದದ ಪತ್ರಗಳನ್ನು ಮೊಟಕುಗೊಳಿಸಿದ್ದೇನೆ, ಅರ್ಥ ಕೆಡಿಸಿಲ್ಲ.

ಪ್ರಶ್ನೆ: ನಾನು ಈಗಷ್ಟೇ ಸಂಶೋಧನೆಗೆ ಸೇರಿದ್ದೇನೆ. ಏನೇ ಬರೆದುಕೊಟ್ಟರೂ ಮಾರ್ಗದರ್ಶಕರು ಹುಳುಕು ಹುಡುಕುತ್ತಾರೆ. ‘ಟೀಕೆಯನ್ನು ಒಳ್ಳೆಯ ಮನಸ್ಸಿನಿಂದ ಸ್ವೀಕರಿಸು’ ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ಹೇಗೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ನನ್ನದು ಬೇಗ ನೊಂದುಕೊಳ್ಳುವ ಸ್ವಭಾವ. ಏನು ಮಾಡಲಿ?
— ಸಂಶೋಧನಾ ವಿದ್ಯಾರ್ಥಿನಿ

ಉತ್ತರ: ಸ್ವಭಾವವನ್ನು ಅದರ ಪಾಡಿಗೆ ಬಿಡಿ. ಎಮ್ಮೆ ಚರ್ಮ ಬೆಳೆಸಿಕೊಂಡ ಮೇಲೆಯೇ ವಿದ್ಯೆ ಹತ್ತುವುದು ಎಂದಾಗಿದ್ದರೆ ಐಸಾಕ್ ನ್ಯೂಟನ್ನನಿಗೆ ಏನೂ ಹತ್ತುತ್ತಿರಲಿಲ್ಲ. 1672ರಲ್ಲಿ ಬೆಳಕು ಮತ್ತು ಬಣ್ಣಗಳ ಬಗ್ಗೆ ಅವನು ಪ್ರಕಟಿಸಿದ ಲೇಖನಕ್ಕೆ ರಾಬರ್ಟ್ ಹುಕ್ ಆಕ್ಷೇಪ ಎತ್ತಿದ. ಆ ಸಿಟ್ಟು ನ್ಯೂಟನ್ನನಲ್ಲಿ ಆರಲೇ ಇಲ್ಲ. ಬೆಳಕನ್ನು ಕುರಿತ ಅವನ ‘ಆಪ್ಟಿಕ್ಸ್’ ಗ್ರಂಥ ಹೊರಬಂದದ್ದು 1704ರಲ್ಲಿ, ಹುಕ್ ತೀರಿಕೊಂಡ ಮರುವರ್ಷ. ಇಷ್ಟು ಸಿಡುಕಿನ ಮನುಷ್ಯನ ಕೆಲಸ ಹೇಗೆ ನಿಂತಿತು ಎಂದರೆ, ಪಟ್ಟಕವನ್ನು (ಪ್ರಿಸಂ) ಎಲ್ಲಿಟ್ಟೆ, ಬೆಳಕು ಬರುವ ಕಿಂಡಿ ಎಷ್ಟು ಅಗಲವಿತ್ತು, ಗೋಡೆ ಎಷ್ಟು ದೂರವಿತ್ತು ಎಂಬುದನ್ನೆಲ್ಲ ಅವನು ಬರೆದಿಟ್ಟಿದ್ದ. ಒಪ್ಪದವರು ತಾವೇ ಕೋಣೆ ಕತ್ತಲು ಮಾಡಿಕೊಂಡು ನೋಡಬಹುದಿತ್ತು, ನೋಡಿದರು. ಅವನ ಮನಸ್ಸಿಗೆ ಬಾಗಿಲು ಇರಲಿಲ್ಲ, ಅವನ ಕೆಲಸಕ್ಕೆ ಇತ್ತು.

ನಾನು ಪದವಿ ತರಗತಿಗಳ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಬಹಳ ವರ್ಷ ಕಳೆದವಳು. ಅಲ್ಲಿಯ ಅತ್ಯಂತ ಹಳೆಯ, ಅತ್ಯಂತ ಬೇಸರದ ಪ್ರಯೋಗ ಸರಳ ಲೋಲಕ. ದಾರಕ್ಕೆ ಲೋಹದ ಗುಂಡು ಕಟ್ಟಿ ತೂಗಬಿಡುವುದು, ಇಪ್ಪತ್ತು ಆಂದೋಲನಗಳಿಗೆ ಎಷ್ಟು ಸೆಕೆಂಡು ಹಿಡಿಯಿತು ಎಂದು ಸ್ಟಾಪ್‌ವಾಚ್‌ನಲ್ಲಿ ನೋಡುವುದು, ಅದರಿಂದ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಾಕುವುದು. ಉತ್ತರ 9.8ರ ಆಸುಪಾಸು ಬರಬೇಕು. ಎಷ್ಟು ಬರಬೇಕು ಎಂಬುದು ಪಠ್ಯದಲ್ಲಿ ಮೊದಲೇ ಅಚ್ಚಾಗಿರುವುದೇ ಈ ಪ್ರಯೋಗಕ್ಕೆ ತಗುಲಿದ ಶಾಪ.

ಒಂದು ಮೀಟರ್ ಉದ್ದದ ಲೋಲಕ. ವಿದ್ಯಾರ್ಥಿಗೆ 38.1 ಸೆಕೆಂಡು ಸಿಗುತ್ತದೆ, ಲೆಕ್ಕ ಹಾಕಿದರೆ 10.9ರ ಹತ್ತಿರ ಬರುತ್ತದೆ. ಅವನು ಆಚೀಚೆ ನೋಡುತ್ತಾನೆ. ರಬ್ಬರ್ ಹೊರಬರುತ್ತದೆ. 38.1 ಇದ್ದದ್ದು 40.1 ಆಗುತ್ತದೆ, ಉತ್ತರ 9.8 ಆಗುತ್ತದೆ, ರೆಕಾರ್ಡ್ ಪುಸ್ತಕಕ್ಕೆ ಸಹಿ ಬೀಳುತ್ತದೆ.

ಆದರೆ 10.9 ಎಂಬುದು ಆಕಾಶದಿಂದ ಉದುರಿದ ಸಂಖ್ಯೆಯಲ್ಲ. ಗುಂಡು ತೂಗಲು ಹೊರಟ ಕ್ಷಣದಲ್ಲಿ ‘ಸೊನ್ನೆ’ ಎನ್ನಬೇಕು. ಹುಡುಗ ‘ಒಂದು’ ಎಂದಿದ್ದಾನೆ. ‘ಇಪ್ಪತ್ತು’ ಎನ್ನುವ ಹೊತ್ತಿಗೆ ಆಗಿರುವುದು ಹತ್ತೊಂಬತ್ತು ಆಂದೋಲನ ಮಾತ್ರ. ಅವಧಿ ನೂರಕ್ಕೆ ಐದರಷ್ಟು ಕಡಿಮೆ ಬಂದರೆ, ಅದರ ವರ್ಗದಿಂದ ಭಾಗಿಸುವುದರಿಂದ, ಉತ್ತರ ನೂರಕ್ಕೆ ಹನ್ನೊಂದರಷ್ಟು ಏರುತ್ತದೆ. 10.9 ಕಂಡ ಕೂಡಲೇ, ಪಕ್ಕದಲ್ಲಿ ನಿಂತು ನೋಡದಿದ್ದರೂ, ‘ಎಣಿಕೆ ಒಂದರಿಂದ ಶುರುಮಾಡಿದೆಯಾ?’ ಎಂದು ಕೇಳಬಹುದು. ಹುಡುಗರಿಗೆ ಅದು ಕಣ್ಕಟ್ಟಿನಂತೆ ಕಾಣುತ್ತಿತ್ತು. ಕಣ್ಕಟ್ಟೇನೂ ಇಲ್ಲ. ತಪ್ಪು ತಾನು ಎಲ್ಲಿ ಹುಟ್ಟಿದೆ ಎಂಬುದನ್ನು ತಾನೇ ಹೇಳುತ್ತಿರುತ್ತದೆ, ರಬ್ಬರ್ ಅದರ ಬಾಯಿ ಮುಚ್ಚಿಸುತ್ತದೆ.

ಇನ್ನೊಂದು ಇದಕ್ಕಿಂತ ಸೊಗಸು. ದಾರದ ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆಯಬೇಕು. ಕೆಲವರು ಗುಂಡಿನ ನೆತ್ತಿಯವರೆಗೆ ಅಳೆದು ನಿಲ್ಲಿಸುತ್ತಾರೆ. ಬೇರೆ ಬೇರೆ ಉದ್ದಗಳಿಗೆ ಪ್ರಯೋಗ ಮಾಡಿ, ಉದ್ದಕ್ಕೂ ಅವಧಿಯ ವರ್ಗಕ್ಕೂ ನಕ್ಷೆ ಎಳೆದರೆ ನೇರವಾದ ಗೆರೆಯೇ ಬರುತ್ತದೆ, ಆದರೆ ಅದು ಮೂಲಬಿಂದುವನ್ನು ಹಾಯುವುದಿಲ್ಲ. ಹಾಯಲೇಬೇಕೆಂದು ಹುಡುಗರು ಸ್ಕೇಲನ್ನು ಸ್ವಲ್ಪ ತಿರುಗಿಸಿ ಎಳೆದುಬಿಡುತ್ತಾರೆ. ಹಾಗೆ ತಿರುಗಿಸಿದ ಕೂಡಲೇ ಗೆರೆಯ ಇಳಿಜಾರು ಕೆಟ್ಟು ಉತ್ತರವೂ ಕೆಡುತ್ತದೆ. ತಿರುಗಿಸದೆ ಬಿಟ್ಟಿದ್ದರೆ ಇಳಿಜಾರಿನಿಂದ ಸರಿಯಾದ ಉತ್ತರವೇ ಸಿಗುತ್ತಿತ್ತು. ಸಾಲದ್ದಕ್ಕೆ, ಗೆರೆಯನ್ನು ಹಿಂದಕ್ಕೆ ಮುಂದುವರಿಸಿದರೆ ಅದು ಉದ್ದದ ಅಕ್ಷವನ್ನು ಮೂಲಬಿಂದುವಿನಿಂದ ಎಷ್ಟು ಹಿಂದೆ ಕತ್ತರಿಸುತ್ತದೋ ಅಷ್ಟೇ ಗುಂಡಿನ ತ್ರಿಜ್ಯ! ಅಳೆಯಲು ಮರೆತದ್ದನ್ನೂ ನಕ್ಷೆ ಅಳೆದು ಕೈಗಿಡುತ್ತದೆ. ಮಾಪನದ ಪುಸ್ತಕದಲ್ಲಿ ರಬ್ಬರ್ ಬಳಸಬಾರದು, ತಪ್ಪೆನಿಸಿದ ಅಂಕಿಯ ಮೇಲೆ ಅದು ಓದಲು ಬರುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆಯಬೇಕು ಎಂಬ ಕಟ್ಟಳೆ ಇದಕ್ಕೇ ಇರುವುದು.

ಖಗೋಳಜ್ಞ ಯೊಹಾನ್ನೆಸ್ ಕೆಪ್ಲರ್ ರಬ್ಬರ್ ಮುಟ್ಟದ ವಿದ್ಯಾರ್ಥಿ. ಮಂಗಳ ಗ್ರಹದ ದಾರಿಯನ್ನು ವೃತ್ತವೆಂದೇ ಇಟ್ಟುಕೊಂಡು ವರ್ಷಗಟ್ಟಲೆ ಲೆಕ್ಕ ಹಾಕಿದ. ಅವನ ಲೆಕ್ಕಕ್ಕೂ ಟೈಕೊ ಬ್ರಾಹೆ ಬರಿಗಣ್ಣಿನಿಂದ ಅಳೆದಿಟ್ಟ ಸ್ಥಾನಗಳಿಗೂ ಎಂಟು ಕೋನ ನಿಮಿಷಗಳ ವ್ಯತ್ಯಾಸ ಉಳಿಯಿತು. ಒಂದು ಡಿಗ್ರಿಗೆ ಅರವತ್ತು ನಿಮಿಷ, ಹುಣ್ಣಿಮೆ ಚಂದ್ರನ ಅಗಲ ಸುಮಾರು ಮೂವತ್ತು ನಿಮಿಷ. ಅಂದರೆ ಚಂದ್ರನ ಕಾಲು ಭಾಗದಷ್ಟು ಅಂತರ. ಹಿಂದಿನವರಾಗಿದ್ದರೆ ಅಳತೆಯ ತಪ್ಪು ಎಂದು ತಳ್ಳಿಹಾಕುತ್ತಿದ್ದರು. ಟೈಕೊನ ಅಳತೆ ಅಷ್ಟು ತಪ್ಪಲಾರದು ಎಂದು ಕೆಪ್ಲರ್ ಬಲ್ಲವನಾಗಿದ್ದ. ಅದಕ್ಕಾಗಿ ತನ್ನ ವೃತ್ತವನ್ನೇ ಕೈಬಿಟ್ಟ. ಗ್ರಹಗಳು ದೀರ್ಘವೃತ್ತದಲ್ಲಿ ಸುತ್ತುತ್ತವೆ ಎಂಬುದು 1609ರಲ್ಲಿ ಅಚ್ಚಾಗಿ ಹೊರಬಂದದ್ದು ಆ ಎಂಟು ನಿಮಿಷಗಳ ಪುಣ್ಯದಿಂದ.

ನಿಮ್ಮ ಸಂಗತಿಗೆ ಬರೋಣ. ಮುಂದಿನ ಸಲ ತೀರ್ಮಾನವನ್ನಷ್ಟೇ ಒಯ್ಯಬೇಡಿ. ಹೆಜ್ಜೆಗಳನ್ನೂ, ಕೈಬಿಟ್ಟ ದಾರಿಗಳನ್ನೂ ಬರೆದು, ಸಾಲುಗಳಿಗೆ ಸಂಖ್ಯೆ ಕೊಟ್ಟು ಒಯ್ಯಿರಿ. ‘ಇದು ಸರಿಯಿಲ್ಲ’ ಎಂದರೆ ‘ಯಾವ ಸಾಲು ಸಾರ್?’ ಎಂದು ಕೇಳಿ. ಸಾಲು ತೋರಿಸಿದರೆ ನಿಮ್ಮ ಒಂದು ತಿಂಗಳು ಉಳಿಯಿತು. ತೋರಿಸಲಾಗದಿದ್ದರೆ ಅದು ಅವರ ಆ ದಿನದ ಮನಃಸ್ಥಿತಿ, ಅದಕ್ಕೆ ನೀವು ಹೊಣೆಯಲ್ಲ. ಗಣಿತಜ್ಞ ಆಂಡ್ರ್ಯೂ ವೈಲ್ಸ್ 1993ರ ಜೂನ್‌ನಲ್ಲಿ ಫರ್ಮಾನ ಕೊನೆಯ ಪ್ರಮೇಯಕ್ಕೆ ಪುರಾವೆ ಸಿಕ್ಕಿತೆಂದು ಪ್ರಕಟಿಸಿದಾಗ ಪತ್ರಿಕೆಗಳೆಲ್ಲ ಕೊಂಡಾಡಿದವು. ಹಸ್ತಪ್ರತಿಯನ್ನು ಪರಿಶೀಲಿಸುತ್ತಿದ್ದ ನಿಕ್ ಕಾಟ್ಜ್ ಮಾತ್ರ ಸಾಲು ಸಾಲಿಗೆ ಪ್ರಶ್ನೆ ಕೇಳುತ್ತ ಹೋದರು. ಬಹುತೇಕ ಎಲ್ಲಕ್ಕೂ ಉತ್ತರ ಸಿಕ್ಕಿತು, ಒಂದಕ್ಕೆ ಸಿಗಲಿಲ್ಲ. ವರ್ಷಕ್ಕೂ ಹೆಚ್ಚು ಕಾಲ ವೈಲ್ಸ್ ಆ ಬಿರುಕಿನ ಮುಂದೆ ಕುಳಿತರು, ಶಿಷ್ಯ ರಿಚರ್ಡ್ ಟೇಲರ್ ಜೊತೆಗೂಡಿದರು. 1994ರ ಸೆಪ್ಟೆಂಬರ್‌ನಲ್ಲಿ, ಬಿಟ್ಟುಬಿಡುವ ಮುನ್ನ ಆ ವಿಧಾನ ಏಕೆ ಕೆಲಸ ಮಾಡುತ್ತಿಲ್ಲ ಎಂದಾದರೂ ತಿಳಿದುಕೊಳ್ಳೋಣ ಎಂದು ನೋಡುತ್ತಿದ್ದಾಗಲೇ, ಹಿಂದೆ ತಾವೇ ಮೂಲೆಗೆ ಹಾಕಿದ್ದ ಇನ್ನೊಂದು ವಿಧಾನಕ್ಕೆ ಬೇಕಾದದ್ದು ಅಲ್ಲಿಯೇ ಇದೆಯೆಂದು ಹೊಳೆಯಿತು. ಕಾಟ್ಜ್ ‘ಒಟ್ಟಾರೆ ಚೆನ್ನಾಗಿದೆ’ ಎಂದು ಸಹಿ ಹಾಕಿದ್ದರೆ ಆ ಬಿರುಕು ಅಚ್ಚಾದ ಪುಟಗಳಲ್ಲೇ ಉಳಿದು, ಮುಂದೊಂದು ದಿನ ಇನ್ನಾರಿಗೋ ಸಿಗುತ್ತಿತ್ತು.

ಪ್ರಶ್ನೆ: ವಿಜ್ಞಾನಿಗಳು ಇಂದು ಒಂದು ಹೇಳುತ್ತಾರೆ, ನಾಳೆ ಇನ್ನೊಂದು. ದಿನಕ್ಕೊಂದು ಮಾತು ಆಡುವವರನ್ನು ಏಕೆ ನಂಬಬೇಕು?
— ನಿವೃತ್ತ ನೌಕರ

ಉತ್ತರ: ದಿನಕ್ಕೊಂದು ಮಾತು ಆಡುವವರನ್ನು ನಂಬಬೇಡಿ. ಮಾತು ಏಕೆ ಬದಲಾಯಿತು ಎಂದು ಲೆಕ್ಕ ಒಪ್ಪಿಸುವವರನ್ನು ನಂಬಿ. ಇವರಿಬ್ಬರು ಬೇರೆ.

2011ರ ಸೆಪ್ಟೆಂಬರ್‌ನಲ್ಲಿ ಒಪೆರಾ ಎಂಬ ಪ್ರಯೋಗದ ತಂಡ ಜಗತ್ತೇ ಹುಬ್ಬೇರಿಸುವ ಸುದ್ದಿ ಕೊಟ್ಟಿತು. ಜಿನೀವಾ ಬಳಿಯ ಸೆರ್ನ್ ಪ್ರಯೋಗಾಲಯದಿಂದ ಹೊರಟ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು ಸುಮಾರು 730 ಕಿಲೋಮೀಟರ್ ದೂರದ ಇಟಲಿಯ ಗ್ರಾನ್ ಸಾಸ್ಸೊ ಪ್ರಯೋಗಾಲಯಕ್ಕೆ ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡ್ ಮೊದಲೇ ತಲುಪುತ್ತಿವೆ! ನಿಜವಾಗಿದ್ದರೆ, ಬೆಳಕನ್ನು ಯಾವುದೂ ಹಿಂದಿಕ್ಕಲಾರದು ಎನ್ನುವ ಐನ್‌ಸ್ಟೈನರ ಸಾಪೇಕ್ಷತೆಗೆ ಎಳ್ಳುನೀರು ಬಿಡಬೇಕಿತ್ತು. ತಂಡ ಹಾಗೆ ಹೇಳಲಿಲ್ಲ. ನಮ್ಮ ಅಳತೆ ಇದು, ತಪ್ಪು ಹುಡುಕಿ ಸೋತಿದ್ದೇವೆ, ನೀವೂ ಹುಡುಕಿ ಎಂಬರ್ಥದಲ್ಲಿ ವಿವರಗಳನ್ನೆಲ್ಲ ಹೊರಗಿಟ್ಟಿತು. ಕೆಲವೇ ತಿಂಗಳಲ್ಲಿ ಕಳ್ಳ ಸಿಕ್ಕ. ಉಪಗ್ರಹದಿಂದ ಬರುವ ಸಮಯದ ಸಂಕೇತವನ್ನು ಸಾಗಿಸುವ ಆಪ್ಟಿಕಲ್ ಫೈಬರ್ ಕೇಬಲ್ಲಿನ ತುದಿ ಸರಿಯಾಗಿ ಕೂತಿರಲಿಲ್ಲ. ಗಡಿಯಾರದ ಆಂದೋಲಕದಲ್ಲೂ ಸಣ್ಣ ದೋಷವಿತ್ತು. ಅದೇ ಗ್ರಾನ್ ಸಾಸ್ಸೊದಲ್ಲಿದ್ದ ಇಕಾರಸ್ ಎಂಬ ಇನ್ನೊಂದು ತಂಡ 2012ರ ಮಾರ್ಚ್‌ನಲ್ಲಿ ತಾನೇ ಅಳೆದು, ನ್ಯೂಟ್ರಿನೊಗಳು ಬೆಳಕನ್ನು ಹಿಂದಿಕ್ಕುತ್ತಿಲ್ಲ ಎಂದಿತು. ಅಂದು ಅನೇಕರು ಒಪೆರಾ ತಂಡವನ್ನು ನೋಡಿ ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. 60 ನ್ಯಾನೋಸೆಕೆಂಡನ್ನು ರಬ್ಬರ್ ಹಾಕಿ ಒರೆಸಿ ಮುಚ್ಚಿಹಾಕುವುದು ಅವರಿಗೆ ಎಷ್ಟು ಸುಲಭವಿತ್ತು ಎಂಬುದನ್ನು ನಗುವವರು ಯೋಚಿಸಲಿಲ್ಲ.

ನೀವು ನಿಜವಾಗಿ ಹೆದರಬೇಕಾದದ್ದು ಇದರ ಉಲ್ಟಾ ಪರಿಸ್ಥಿತಿಗೆ. ರಾಬರ್ಟ್ ಮಿಲಿಕನ್ ಎಣ್ಣೆಹನಿಗಳ ಪ್ರಯೋಗದಿಂದ ಎಲೆಕ್ಟ್ರಾನಿನ ವಿದ್ಯುದಾವೇಶವನ್ನು ಅಳೆದು 1913ರಲ್ಲಿ ಪ್ರಕಟಿಸಿದರು. ಗಾಳಿಯ ಸ್ನಿಗ್ಧತೆಗೆ (ಹನಿಯ ಚಲನೆಗೆ ಗಾಳಿ ಒಡ್ಡುವ ತಡೆಗೆ) ಅವರು ಬಳಸಿದ ಸಂಖ್ಯೆ ಸರಿಯಿರಲಿಲ್ಲ, ಹೀಗಾಗಿ ಉತ್ತರ ತುಸು ಕಡಿಮೆ ಬಂದಿತ್ತು. ಮುಂದೆ ಅಳೆದವರ ಉತ್ತರ ಒಮ್ಮೆಗೇ ಸರಿಯಾದ ಮೌಲ್ಯಕ್ಕೆ ಜಿಗಿಯಲಿಲ್ಲ, ಮಿಲಿಕನ್‌ರಿಗಿಂತ ತುಸು ಮೇಲೆ, ಅದಕ್ಕಿಂತ ತುಸು ಮೇಲೆ ಎಂದು ತೆವಳುತ್ತ ಏರಿತು. 1974ರಲ್ಲಿ ಕ್ಯಾಲ್‌ಟೆಕ್ ವಿದ್ಯಾರ್ಥಿಗಳ ಮುಂದೆ ರಿಚರ್ಡ್ ಫೈನ್‌ಮನ್ ಇದನ್ನು ವಿವರಿಸಿದರು. ಮಿಲಿಕನ್‌ರ ಸಂಖ್ಯೆಗಿಂತ ಬಹಳ ಹೆಚ್ಚು ಬಂದರೆ ಎಲ್ಲಿ ತಪ್ಪಾಯಿತೆಂದು ಕೆದಕುತ್ತಿದ್ದರು, ಹತ್ತಿರ ಬಂದರೆ ಅಷ್ಟು ಕೆದಕುತ್ತಿರಲಿಲ್ಲ. ಯಾರೂ ಸುಳ್ಳು ಬರೆಯಲಿಲ್ಲ. ಅನುಮಾನವನ್ನು ಒಂದೇ ಕಡೆಗೆ ಖರ್ಚು ಮಾಡಿದರು, ಅಷ್ಟೇ. ಲೋಲಕದ ಹುಡುಗನ ಕಾಯಿಲೆ ದೊಡ್ಡವರಿಗೂ ಬರುತ್ತದೆ.

ಪ್ರಶ್ನೆ: ತಪ್ಪು ಹೇಳುವುದು ಸುಲಭ, ಮಾಡಿ ತೋರಿಸುವುದು ಕಷ್ಟ. ತಾನು ಮಾಡದವನಿಗೆ ಟೀಕಿಸುವ ಹಕ್ಕು ಎಲ್ಲಿಂದ ಬರುತ್ತದೆ?
— ಒಬ್ಬ ಲೇಖಕರು

ಉತ್ತರ: ಹಕ್ಕಿನ ಮಾತು ಬಿಡಿ, ಹೇಳಿದ್ದು ನಿಜವೋ ಅಲ್ಲವೋ ನೋಡಿ. ಗಣಿತವನ್ನೆಲ್ಲ ತರ್ಕದ ತಳಪಾಯದ ಮೇಲೆ ಕಟ್ಟಲು ಹೊರಟ ಗಾಟ್ಲೊಬ್ ಫ್ರೇಗೆ ಮೊದಲ ಸಂಪುಟವನ್ನು 1893ರಲ್ಲಿ ಪ್ರಕಟಿಸಿದ್ದರು. 1902ರ ಜೂನ್‌ನಲ್ಲಿ, ಎರಡನೆಯ ಸಂಪುಟ ಮುದ್ರಣದಲ್ಲಿದ್ದಾಗ, ಮೂವತ್ತರ ಹರೆಯದ ಬರ್ಟ್ರಂಡ್ ರಸೆಲ್‌ರಿಂದ ಪತ್ರ ಬಂತು. ಹೊಗಳಿಕೆಯ ನಡುವೆ ಒಂದೇ ಒಂದು ತೊಡಕು. ತಮ್ಮನ್ನು ತಾವು ಒಳಗೊಳ್ಳದ ಗಣಗಳನ್ನೆಲ್ಲ (ಸೆಟ್‌ಗಳನ್ನೆಲ್ಲ) ಸೇರಿಸಿ ಮಾಡಿದ ಗಣ ತನ್ನನ್ನು ತಾನು ಒಳಗೊಳ್ಳುತ್ತದೆಯೇ? ಹೌದೆಂದರೆ ಇಲ್ಲ, ಇಲ್ಲವೆಂದರೆ ಹೌದು. ಇಡೀ ಕಟ್ಟಡ ಅಲುಗಾಡಿತು. ‘ಈ ಹುಡುಗ ಎರಡು ಸಂಪುಟ ಬರೆದು ತೋರಿಸಲಿ’ ಎಂದು ಫ್ರೇಗೆ ಕೇಳಲಿಲ್ಲ. ವಾರದೊಳಗೆ ಉತ್ತರ ಬರೆದರು, 1903ರಲ್ಲಿ ಹೊರಬಂದ ಎರಡನೆಯ ಸಂಪುಟದ ಕೊನೆಗೆ ಅನುಬಂಧ ಸೇರಿಸಿ ಆ ವಿರೋಧಾಭಾಸವನ್ನು ತಮ್ಮ ಓದುಗರ ಮುಂದೆ ತಾವೇ ಇಟ್ಟರು. ಅಲ್ಲಿ ಅವರು ಸೂಚಿಸಿದ ಪರಿಹಾರ ನಿಲ್ಲಲಿಲ್ಲ. ಆದರೆ ಮುಂದಿನವರು ಹಿಡಿದು ಹೊರಟ ತುದಿ ಅದೇ ಪ್ರಶ್ನೆ. ಆಧುನಿಕ ಗಣ ಸಿದ್ಧಾಂತ ಇಷ್ಟು ಬಿಗಿಯಾಗಿ ಕಟ್ಟಿಕೊಂಡಿರುವುದಕ್ಕೆ ಅಂಥ ವಿರೋಧಾಭಾಸಗಳ ಭಯವೂ ಒಂದು ಕಾರಣ.

ಪ್ರಶ್ನೆ: ಮಕ್ಕಳ ಉತ್ತರಪತ್ರಿಕೆಯಲ್ಲಿ ಕೆಂಪು ಶಾಯಿ ಹರಿಸಬೇಡಿ, ಆತ್ಮವಿಶ್ವಾಸ ಕುಗ್ಗುತ್ತದೆ ಎಂದು ತರಬೇತಿಯಲ್ಲಿ ಹೇಳಿದರು. ತಪ್ಪನ್ನು ತೋರಿಸದೆ ತಿದ್ದುವುದು ಹೇಗೆ?
— ಪ್ರೌಢಶಾಲಾ ಶಿಕ್ಷಕಿ

ಉತ್ತರ: ತೋರಿಸಲೇಬೇಕು. ಶಾಯಿಯ ಬಣ್ಣದ ಬಗ್ಗೆ ನನಗೆ ಪಟ್ಟಿಲ್ಲ. ಆದರೆ ತರಬೇತಿಯವರ ಆತಂಕ ಪೂರ್ತಿ ಗಾಳಿಮಾತೂ ಅಲ್ಲ. ಅವ್ರಹಾಂ ಕ್ಲೂಗರ್ ಮತ್ತು ಆಂಜೆಲೊ ಡಿನಿಸಿ ಎಂಬ ಮನೋವಿಜ್ಞಾನಿಗಳು ಆವರೆಗಿನ ನೂರಾರು ಫಲಿತಾಂಶಗಳನ್ನು ಒಟ್ಟುಹಾಕಿ 1996ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಹೇಳಿದ್ದಿಷ್ಟು: ಮಾಡಿದ ಕೆಲಸ ಹೇಗಿದೆ ಎಂದು ತಿಳಿಸುವುದರಿಂದ ಸರಾಸರಿಯಲ್ಲಿ ಲಾಭವಿದೆ, ಆದರೆ ಮೂರನೇ ಒಂದಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಕೆಲಸ ಇನ್ನೂ ಹದಗೆಟ್ಟಿತು. ಗಮನ ಕೆಲಸದಿಂದ ಜಾರಿ ‘ನಾನು ಎಂಥವನು’ ಎಂಬ ಕಡೆ ಹೊರಳಿದಷ್ಟೂ ಲಾಭ ಕರಗುತ್ತದೆ ಎಂಬುದು ಅವರ ವಿವರಣೆ. ಕುತೂಹಲವೆಂದರೆ, ಹೊಗಳಿಕೆಯೂ ಇದೇ ಹೊಂಡಕ್ಕೆ ಬೀಳಿಸಬಲ್ಲದು.

ಹಾಗಾಗಿ ‘ಅಜಾಗರೂಕ’ ಎಂದು ಬರೆಯುವ ಬದಲು ‘ಮೂರನೆಯ ಸಾಲಿನಲ್ಲಿ ಋಣ ಚಿಹ್ನೆ ಬಿಟ್ಟುಹೋಗಿದೆ’ ಎಂದು ಬರೆಯಿರಿ. ‘ಬುದ್ಧಿವಂತೆ’ ಎಂದು ಬರೆಯುವುದನ್ನೂ ಬಿಡಿ. ಇನ್ನೊಂದು ಸಂಗತಿ ನಿಮಗೆ ಧೈರ್ಯ ಕೊಡಬಹುದು. ಬ್ರೇಡಿ ಬಟರ್‌ಫೀಲ್ಡ್ ಮತ್ತು ಜ್ಯಾನೆಟ್ ಮೆಟ್‌ಕಾಫ್ 2001ರಲ್ಲಿ ತೋರಿಸಿದಂತೆ, ಖಚಿತವಾಗಿ ನಂಬಿ ಕೊಟ್ಟ ತಪ್ಪು ಉತ್ತರವನ್ನು ತಿದ್ದಿದಾಗ, ಅಳುಕುತ್ತ ಕೊಟ್ಟ ತಪ್ಪು ಉತ್ತರವನ್ನು ತಿದ್ದಿದ್ದಕ್ಕಿಂತ ಚೆನ್ನಾಗಿ ಸರಿಯುತ್ತರ ನೆನಪಿನಲ್ಲಿ ನಿಲ್ಲುತ್ತದೆ. ಬೆಚ್ಚಿಬಿದ್ದದ್ದು ನೆನಪಿರುತ್ತದೆ. ಆದ್ದರಿಂದ ತಿದ್ದುವ ಮೊದಲು ‘ನಿನಗೆ ಎಷ್ಟು ಖಾತ್ರಿ?’ ಎಂದು ಕೇಳಿ ನೋಡಿ. ಮಕ್ಕಳು ಮೈಯೆಲ್ಲ ಕಿವಿಯಾಗುತ್ತಾರೆ.

ಪ್ರಶ್ನೆ: ‘ನನ್ನ ತಪ್ಪಿದ್ದರೆ ಮುಲಾಜಿಲ್ಲದೆ ಹೇಳಿ’ ಎಂದು ನಮ್ಮ ವಿಭಾಗದವರಿಗೆ ಎಷ್ಟು ಹೇಳಿದರೂ ಒಬ್ಬರೂ ಬಾಯಿ ಬಿಡುವುದಿಲ್ಲ. ನಾನು ನಿಜಕ್ಕೂ ಮುಕ್ತ ಮನಸ್ಸಿನವನು.
— ಕಚೇರಿಯೊಂದರ ಮುಖ್ಯಸ್ಥ

ಉತ್ತರ: ಇರಬಹುದು. ಆದರೆ ಅವರ ಬಡ್ತಿಯ ಕಡತ ಯಾರ ಮೇಜಿನ ಮೇಲಿದೆ?

1974ರ ಡಿಸೆಂಬರ್ 1ರಂದು ಅಮೆರಿಕದ ವಾಷಿಂಗ್ಟನ್ ಬಳಿ ಇಳಿಯಬೇಕಿದ್ದ ಟಿಡಬ್ಲ್ಯೂಎ 514 ವಿಮಾನ ಬೆಟ್ಟಕ್ಕೆ ಬಡಿದು, ಅದರಲ್ಲಿದ್ದ 92 ಜನರೂ ಸತ್ತರು. ಇಳಿಯಲು ಸಿಕ್ಕ ಅನುಮತಿಯನ್ನು ಕೆಳಗಿನ ಎತ್ತರಕ್ಕೆ ಈಗಲೇ ಇಳಿಯಬಹುದು ಎಂದು ಪೈಲಟ್‌ಗಳು ಅರ್ಥಮಾಡಿಕೊಂಡಿದ್ದರು. ತನಿಖೆಯಲ್ಲಿ ಹೊರಬಿದ್ದ ಸಂಗತಿ ಕರುಳು ಹಿಂಡುವಂಥದ್ದು. ಆರು ವಾರ ಮೊದಲು ಇನ್ನೊಂದು ಕಂಪನಿಯ ವಿಮಾನ ಅದೇ ಜಾಗದಲ್ಲಿ ಅದೇ ತಪ್ಪು ಮಾಡಿ ಕೂದಲೆಳೆಯಲ್ಲಿ ಪಾರಾಗಿತ್ತು. ಆ ಕಂಪನಿ ತನ್ನ ಪೈಲಟ್‌ಗಳನ್ನು ಎಚ್ಚರಿಸಿತ್ತು. ಉಳಿದವರಿಗೆ ಸುದ್ದಿ ಹೋಗುವ ದಾರಿಯೇ ಇರಲಿಲ್ಲ.

ದಾರಿ ಮಾಡಲು ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ತಾನೇ ಮುಂದಾಯಿತು: ನಿಮ್ಮ ತಪ್ಪುಗಳನ್ನು ನಮಗೆ ಬರೆದು ತಿಳಿಸಿ ಎಂದಿತು. ಪರವಾನಗಿ ಕಸಿದುಕೊಳ್ಳುವ ಅಧಿಕಾರವಿರುವವರ ಕೈಗೇ ಚೀಟಿ ಕೊಡಲು ಪೈಲಟ್‌ಗಳಿಗೆ ಮನಸ್ಸು ಬರಲಿಲ್ಲ. 1976ರಲ್ಲಿ ಆ ಕೆಲಸವನ್ನು ನಾಸಾಕ್ಕೆ ವಹಿಸಿದರು. ನಾಸಾ ಯಾರನ್ನೂ ದಂಡಿಸಲಾರದು. ವರದಿಯಿಂದ ಹೆಸರು ತೆಗೆದುಹಾಕುತ್ತದೆ. ಬೇಕೆಂದೇ ಮಾಡಿದ್ದಲ್ಲದ ತಪ್ಪನ್ನು ಹತ್ತು ದಿನದೊಳಗೆ ತಿಳಿಸಿದವರಿಗೆ ದಂಡನೆಯಿಂದ ವಿನಾಯಿತಿ ಇದೆ. ಅಪಘಾತಕ್ಕೆ, ಅಪರಾಧಕ್ಕೆ ಈ ರಕ್ಷಣೆ ಇಲ್ಲ. ಅಂದಿನಿಂದ ವರದಿಗಳು ಹರಿದುಬರುತ್ತಲೇ ಇವೆ. ಪೈಲಟ್‌ಗಳ ಮನಸ್ಸು ಮುಕ್ತವಾಯಿತೆಂದಲ್ಲ, ಚೀಟಿ ಹೋಗುವ ಮೇಜು ಬದಲಾಯಿತೆಂದು.

ನೀವೂ ಅಷ್ಟು ಮಾಡಬಹುದು. ನಿಮ್ಮ ಕೆಳಗಿಲ್ಲದ ಒಬ್ಬರನ್ನು ಹಿಡಿದು, ಚೀಟಿಗಳು ಅವರಿಗೆ ಹೋಗಲಿ, ಹೆಸರು ತೆಗೆದು ನಿಮಗೆ ಬರಲಿ. ಮೊದಲ ಚೀಟಿ ಬಂದಾಗ ಕೈಬರಹ ಯಾರದೆಂದು ಊಹಿಸಲು ಕೂರಬೇಡಿ. ಅದರಲ್ಲಿ ಹೇಳಿದ್ದರ ಪೈಕಿ ಒಂದನ್ನಾದರೂ ಎಲ್ಲರಿಗೂ ಕಾಣುವಂತೆ ಬದಲಾಯಿಸಿ, ಎರಡನೆಯ ಚೀಟಿ ತಾನಾಗಿ ಬರುತ್ತದೆ.

ಪ್ರಶ್ನೆ: ಬರುವ ಪ್ರತಿಯೊಂದು ಟೀಕೆಗೂ ಉತ್ತರ ಕೊಡಬೇಕೆ?
— ಯುವ ಕವಿ

ಉತ್ತರ: ಬೇಡ. ಕವಿತೆ ಬರೆಯಲು ಸಮಯ ಎಲ್ಲಿ ಉಳಿಯುತ್ತದೆ?

ಪ್ರಶ್ನೆ: ನಾನು ಸರಿಯಾದದ್ದನ್ನೇ ಹೇಳುತ್ತೇನೆ, ಪುರಾವೆ ಸಮೇತ ಹೇಳುತ್ತೇನೆ. ಆದರೂ ಕೆಲಸದ ಜಾಗದಲ್ಲಿ ಎಲ್ಲರೂ ನನ್ನ ಮೇಲೆಯೇ ಮುಗಿಬೀಳುತ್ತಾರೆ. ಸತ್ಯಕ್ಕೆ ಕಾಲವಿಲ್ಲವೇ?
— ಆಸ್ಪತ್ರೆಯ ಉದ್ಯೋಗಿ

ಉತ್ತರ: ನೀವು ಆಸ್ಪತ್ರೆಯವರಾದ್ದರಿಂದ ಇಗ್ನಾಝ್ ಸೆಮ್ಮೆಲ್‌ವೈಸ್‌ರ ಕಥೆ ಕೇಳಿಯೇ ಇರುತ್ತೀರಿ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ವೈದ್ಯರಾಗಿದ್ದ ಅವರು, ಶವ ಕೊಯ್ದ ಕೈಯಲ್ಲೇ ವೈದ್ಯರು ಬಾಣಂತಿಯರನ್ನು ಮುಟ್ಟುತ್ತಿರುವುದೇ ಅವರನ್ನು ಕೊಲ್ಲುತ್ತಿದ್ದ ಜ್ವರಕ್ಕೆ ಕಾರಣವೆಂದು ಗುರುತಿಸಿ, ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ಸುಮಾರು ಎರಡಕ್ಕೆ ಇಳಿಯಿತು. ಹಿರಿಯ ವೈದ್ಯರು ಒಪ್ಪಲಿಲ್ಲ, ಅದು ಅವರ ಪಾಪ. ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನದು ನಿಮಗೆ ಬೇಕಾದದ್ದು. ಸೆಮ್ಮೆಲ್‌ವೈಸ್ ತಮ್ಮ ಪುಸ್ತಕ ಪ್ರಕಟಿಸಿದ್ದು 1861ರಲ್ಲಿ, ಹದಿನಾಲ್ಕು ವರ್ಷ ತಡವಾಗಿ. ಆಮೇಲೆ ಬಹಿರಂಗ ಪತ್ರಗಳಲ್ಲಿ ಒಪ್ಪದವರನ್ನು ಕೊಲೆಗಾರರೆಂದೇ ಕರೆದರು. ಸತ್ತವರ ಲೆಕ್ಕ ಹಿಡಿದರೆ ಆ ಮಾತು ಸುಳ್ಳೆಂದು ನಾನು ಹೇಳಲಾರೆ. ಕೇಳಿಸಿಕೊಂಡವರಿಗೆ ಮಾತ್ರ ಆ ಸಾವಿನ ಅಂಕಿಗಳ ಕೋಷ್ಟಕ ನೋಡದಿರಲು ಒಳ್ಳೆಯ ನೆಪ ಸಿಕ್ಕಿತು.

ನಿಮ್ಮ ಪತ್ರದ ಜೊತೆ ಮೇಲಧಿಕಾರಿಗೆ ಬರೆದ ಮನವಿಯ ಪ್ರತಿಯನ್ನೂ ಕಳಿಸಿದ್ದೀರಿ. ನಾಲ್ಕು ಪುಟ. ಮೊದಲ ಮೂರರಲ್ಲಿ ಯಾರು ಯಾರು ಎಷ್ಟು ಬೇಜವಾಬ್ದಾರಿಯವರು ಎಂಬ ವರ್ಣನೆ. ಔಷಧದ ಪ್ರಮಾಣ ಯಾವ ದಿನ, ಯಾವ ಪಾಳಿಯಲ್ಲಿ, ಎಷ್ಟು ತಪ್ಪಾಗಿ ನಮೂದಾಯಿತು ಎಂಬ ಪಟ್ಟಿ ನಾಲ್ಕನೆಯ ಪುಟದ ಕೆಳಗೆ ಸಣ್ಣದಾಗಿ ಇದೆ. ಆ ಪಟ್ಟಿ ಚೆನ್ನಾಗಿದೆ, ಎರಡು ಸಲ ಓದಿದೆ. ತಪ್ಪುಗಳೆಲ್ಲ ಪಾಳಿ ಬದಲಾಗುವ ಅರ್ಧ ಗಂಟೆಯ ಆಚೀಚೆಯೇ ಆಗಿವೆ. ನೀವು ಹೆಸರಿಸಿದ ವ್ಯಕ್ತಿಗಳು ಬೇರೆ ಬೇರೆ, ಹೊತ್ತು ಮಾತ್ರ ಒಂದೇ. ಇದನ್ನು ನೀವು ಎಲ್ಲೂ ಬರೆದಿಲ್ಲ. ಆ ಮೂರು ಪುಟ ತೆಗೆದು, ಪಟ್ಟಿಯನ್ನು ಮೊದಲ ಪುಟಕ್ಕೆ ತಂದು, ಪಾಳಿ ಬದಲಾವಣೆಯ ಬಗ್ಗೆ ಒಂದು ಸಾಲು ಸೇರಿಸಿ ಮತ್ತೆ ಕೊಡಿ.